ಅರ್ಕಾವತಿ ಬತ್ತಿದ ಬಗೆ: ಸರ್ಕಾರದ ಆದೇಶಗಳು, ನದಿಯ ಬಾಳು ಮತ್ತು ಸರ್ವಹಿತದ ಎಲ್ಲೆ

ಉತ್ತರ ಬೆಂಗಳೂರಿನ ಜಕ್ಕೂರು, ಥಣಿಸಂದ್ರ, ರಾಚೇನಹಳ್ಳಿ, ಸಂಪಿಗೆಹಳ್ಳಿ ಮುಂತಾದ ಹದಿನಾರು ಗ್ರಾಮಗಳ ಜಮೀನಿನಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು 2003ರಲ್ಲಿ ಒಂದು ಬಡಾವಣೆಯನ್ನು ಪ್ರಕಟಿಸಿತು. ಅದಕ್ಕೆ ಇಟ್ಟ ಹೆಸರು ‘ಅರ್ಕಾವತಿ’. ಆ ಜಮೀನಿನ ಮೇಲೆ ಬೀಳುವ ಮಳೆಯ ಹನಿಯೊಂದೂ ಅರ್ಕಾವತಿಯನ್ನು ಸೇರುವುದಿಲ್ಲ. ಅದು ಹೆಬ್ಬಾಳ–ನಾಗವಾರ ಕಣಿವೆಯ ಮೂಲಕ ದಕ್ಷಿಣ ಪಿನಾಕಿನಿಯ ಕಡೆಗೆ ಹರಿಯುತ್ತದೆ. ಅದೇ 2003ರ ನವೆಂಬರ್ 18ರಂದು ರಾಜ್ಯ ಸರ್ಕಾರವು ನಿಜವಾದ ಅರ್ಕಾವತಿಯ ಜಲಾನಯನ ಪ್ರದೇಶವನ್ನು ರಕ್ಷಿಸಲೆಂದು ಒಂದು ಅಧಿಸೂಚನೆಯನ್ನು ಹೊರಡಿಸಿತು. ಹೀಗೆ ಒಂದೇ ವರ್ಷದಲ್ಲಿ ನದಿಯ ಹೆಸರು ನಿವೇಶನವಾಯಿತು, ನದಿಯು ರಕ್ಷಣೆ ಬೇಡುವ ರೋಗಿಯಾಯಿತು.

ಈ ಲೇಖನದ ಉದ್ದೇಶ ಎರಡು. ಮೊದಲನೆಯದು, ನೂರಮೂವತ್ತು ವರ್ಷಗಳಲ್ಲಿ ಸರ್ಕಾರದ ನೀತಿಗಳು ಅರ್ಕಾವತಿಯ ಜೀವವ್ಯವಸ್ಥೆಯನ್ನು ಹೇಗೆ ಬದಲಿಸಿದವು ಎಂಬುದನ್ನು ಕ್ರಮವಾಗಿ ವಿವರಿಸುವುದು. ಎರಡನೆಯದು, ಆ ವಿವರಣೆಯು ಧರ್ಮಸಭೆಯ ಸಾಮಾಜಿಕ ಬೋಧನೆಯ ಮುಂದೆ ಯಾವ ಪ್ರಶ್ನೆಯನ್ನು ಇಡುತ್ತದೆ ಎಂದು ತೋರಿಸುವುದು. ಕ್ರಮ ಹೀಗಿರುವುದಕ್ಕೆ ಕಾರಣವಿದೆ. ಲೌಕಿಕ ವಿಷಯಗಳಿಗೆ ತಮ್ಮದೇ ಆದ ನ್ಯಾಯಸಮ್ಮತ ಸ್ವಾಯತ್ತತೆಯಿದೆ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ‘ಗೌದಿಯುಮ್ ಎತ್ ಸ್ಪೆಸ್’ನ 36ನೆಯ ಪರಿಚ್ಛೇದದಲ್ಲಿ ಬೋಧಿಸಿದೆ. ನದಿಯು ಏಕೆ ಬತ್ತಿತು ಎಂಬುದನ್ನು ನದಿಯಿಂದಲೇ ಕಲಿಯಬೇಕು. ಅದನ್ನು ಕಲಿಯದೆ ಪ್ರಸಂಗಪೀಠವನ್ನೇರಿದರೆ ‘ಮನುಷ್ಯನ ದುರಾಸೆ’ ಎಂಬ ಒಂದೇ ಮಾತು ಎಲ್ಲಕ್ಕೂ ಉತ್ತರವಾಗಿಬಿಡುತ್ತದೆ; ಯಾರ ಮನಸ್ಸಾಕ್ಷಿಯನ್ನೂ ಅದು ತಟ್ಟುವುದಿಲ್ಲ.

ನದಿ ಮತ್ತು ದಿಣ್ಣೆ

ಅರ್ಕಾವತಿಯು ನಂದಿಬೆಟ್ಟದ ತಪ್ಪಲಿನಲ್ಲಿ ಹುಟ್ಟಿ, ದೊಡ್ಡಬಳ್ಳಾಪುರದ ಕೆರೆಗಳ ಮೂಲಕ ಹೆಸರಘಟ್ಟಕ್ಕೆ ಬಂದು, ತಿಪ್ಪಗೊಂಡನಹಳ್ಳಿಯಲ್ಲಿ ಶಿವಗಂಗೆಯ ಕಡೆಯಿಂದ ಬರುವ ಕುಮುದ್ವತಿಯನ್ನು ಕೂಡಿಕೊಂಡು, ರಾಮನಗರ, ಕನಕಪುರಗಳನ್ನು ದಾಟಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಒಟ್ಟು ಉದ್ದ ಸುಮಾರು 190 ಕಿಲೋಮೀಟರ್. ಬೆಂಗಳೂರಿನ ಪಶ್ಚಿಮ ಭಾಗದ ನೀರನ್ನು ಹೊತ್ತು ತರುವ ವೃಷಭಾವತಿಯು ಕೆಳಗೆ, ಕನಕಪುರದ ಸೀಮೆಯಲ್ಲಿ ಇದನ್ನು ಸೇರುತ್ತದೆ.

ಬೆಂಗಳೂರು ನದೀತೀರದ ನಗರವಲ್ಲ, ದಿಣ್ಣೆಯ ಮೇಲಿನ ನಗರ. ಉತ್ತರದಿಂದ ದಕ್ಷಿಣಕ್ಕೆ ಹಾಯುವ ಆ ದಿಣ್ಣೆಯ ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಗೆ, ಪಶ್ಚಿಮಕ್ಕೆ ಬಿದ್ದದ್ದು ಅರ್ಕಾವತಿಗೆ ಮತ್ತು ಆ ಮೂಲಕ ಕಾವೇರಿಗೆ. ಯಲಹಂಕ, ಹೆಬ್ಬಾಳ, ಆರ್.ಟಿ. ನಗರಗಳು ಪೂರ್ವದ ಇಳಿಜಾರಿನಲ್ಲಿವೆ. ಪೀಣ್ಯ, ಹೆಸರಘಟ್ಟಗಳು ಪಶ್ಚಿಮದ್ದರಲ್ಲಿ. ಯಶವಂತಪುರದ ಆಸುಪಾಸಿನಲ್ಲಿ ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಹೋಗುವಷ್ಟರಲ್ಲಿ ನಾವು ಒಂದು ನದಿಯ ಸೀಮೆಯಿಂದ ಮತ್ತೊಂದು ನದಿಯ ಸೀಮೆಗೆ ದಾಟಿರುತ್ತೇವೆ.

ಇದು ಬರಿಯ ಭೂಗೋಳದ ಮಾತಲ್ಲ. ಕಾವೇರಿ ಜಲವಿವಾದ ನ್ಯಾಯಮಂಡಳಿಯು 2007ರ ತೀರ್ಪಿನಲ್ಲಿ, ನಗರದ ಮೂರನೆಯ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ ಎಂಬ ಆಧಾರದ ಮೇಲೆ ಬೆಂಗಳೂರಿನ ಕುಡಿಯುವ ನೀರಿನ ಪಾಲನ್ನು ಲೆಕ್ಕಹಾಕಿತು. ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರುವರಿ 16ರಂದು ಆ ಲೆಕ್ಕವನ್ನು ಒಪ್ಪದೆ, ನಗರಕ್ಕಾಗಿ 4.75 ಟಿಎಂಸಿ ನೀರನ್ನು ಹೆಚ್ಚುವರಿಯಾಗಿ ನೀಡಿತು. ನದಿಯು ಎಲ್ಲಿಗೆ ಮುಗಿಯುತ್ತದೆ, ಅದರ ಮೇಲೆ ಹಕ್ಕುಳ್ಳ ಸಮುದಾಯ ಎಲ್ಲಿಗೆ ಮುಗಿಯುತ್ತದೆ ಎಂಬ ಪ್ರಶ್ನೆಗೆ ಈ ಚರಿತ್ರೆಯುದ್ದಕ್ಕೂ ಸರ್ಕಾರಗಳೂ ನ್ಯಾಯಾಲಯಗಳೂ ಉತ್ತರ ಹೇಳುತ್ತಲೇ ಬಂದಿವೆ.

ನಗರವು ನದಿಯನ್ನು ಕುಡಿದ ಕಾಲ

ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಬೆಂಗಳೂರು ಬದುಕಿದ್ದು ತನ್ನ ಕೆರೆ–ಬಾವಿಗಳಿಂದ: ಧರ್ಮಾಂಬುಧಿ, ಸಂಪಂಗಿ, ಹಲಸೂರು, 1882ರ ಸ್ಯಾಂಕಿ ಕೆರೆ. 1876–78ರ ಭೀಕರ ಕ್ಷಾಮವು ಈ ವ್ಯವಸ್ಥೆಯ ಮಿತಿಯನ್ನು ತೋರಿಸಿಕೊಟ್ಟಿತ್ತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ ಕೈಗೊಂಡ ಚಾಮರಾಜೇಂದ್ರ ಜಲಕಾಮಗಾರಿಯು ಹೆಸರಘಟ್ಟದಲ್ಲಿ ಅರ್ಕಾವತಿಯ ನೀರನ್ನು ಸಂಗ್ರಹಿಸಿತು. ಸೋಲದೇವನಹಳ್ಳಿಯ ಉಗಿಯಂತ್ರಗಳು ಅದನ್ನು ದಿಣ್ಣೆಯ ಮೇಲೆತ್ತಿ ನಗರಕ್ಕೆ ಕಳುಹಿಸಿದವು. 1898ರ ಪ್ಲೇಗಿನ ಬಳಿಕ ಮಲ್ಲೇಶ್ವರ, ಬಸವನಗುಡಿಗಳಂಥ ಹೊಸ ಬಡಾವಣೆಗಳು ಬೆಳೆದುದರ ಹಿಂದೆ ನಲ್ಲಿಯ ಶುದ್ಧ ನೀರಿನ ಭರವಸೆಯಿತ್ತು. ಕಾಲರಾ ಮತ್ತು ಬರಗಳನ್ನು ಕಂಡ ಜನರಿಗೆ ಇದು ನಿಜವಾದ ಉಪಕಾರವೇ ಆಗಿತ್ತು.

1920ರ ದಶಕದಲ್ಲಿ ಹೆಸರಘಟ್ಟ ಕೈಕೊಟ್ಟಿತು. ಸರ್ ಎಂ. ವಿಶ್ವೇಶ್ವರಯ್ಯನವರ ಮಾರ್ಗದರ್ಶನದಲ್ಲಿ ನದಿಯ ಇನ್ನೂ ಕೆಳಭಾಗದಲ್ಲಿ, ತಿಪ್ಪಗೊಂಡನಹಳ್ಳಿಯಲ್ಲಿ, 1933ರಲ್ಲಿ ಚಾಮರಾಜಸಾಗರವು ಸಿದ್ಧವಾಯಿತು. ಸುಮಾರು 1,450 ಚದರ ಕಿಲೋಮೀಟರ್ ಪ್ರದೇಶದ ಮಳೆಯನ್ನು ಈ ಜಲಾಶಯವು ಕಾಯುತ್ತದೆ. ಮುಂದಿನ ನಾಲ್ಕು ದಶಕ ಬೆಂಗಳೂರು ಬಹುಮಟ್ಟಿಗೆ ಅರ್ಕಾವತಿಯನ್ನೇ ಕುಡಿದು ಬೆಳೆಯಿತು.

ಈ ಕಾಲದ ಒಂದು ಸಂಗತಿಯನ್ನು ಗಮನಿಸಬೇಕು. ನಗರವು ನದಿಯನ್ನು ಕುಡಿಯುತ್ತಿದ್ದಷ್ಟು ದಿನ ಅದರ ಮೇಲೊಂದು ಕಣ್ಣಿಟ್ಟಿತ್ತು. ಹೆಸರಘಟ್ಟ ತುಂಬಿತೇ ಎಂಬುದು ಪ್ರತಿ ಮುಂಗಾರಿನಲ್ಲೂ ಮಹಾರಾಜರ ಸರ್ಕಾರ ಕೇಳಲೇಬೇಕಾದ ಪ್ರಶ್ನೆಯಾಗಿತ್ತು. ಸ್ವಾರ್ಥದಿಂದ ಹುಟ್ಟಿದ ಕಾಳಜಿಯೂ ಕಾಳಜಿಯೇ.

ನದಿಯನ್ನು ಮರೆತ ಕಾಲ

1964ರಲ್ಲಿ ಬೆಂಗಳೂರು ಜಲಮಂಡಳಿ ಸ್ಥಾಪನೆಯಾಯಿತು. 1974ರಲ್ಲಿ ಕಾವೇರಿ ಮೊದಲ ಹಂತದ ನೀರು, ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಮೇಲೆತ್ತಲ್ಪಟ್ಟು ನಗರವನ್ನು ತಲುಪಿತು. ಅದಾದ ಮೇಲೆ ಹಂತದ ಮೇಲೆ ಹಂತ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೆಯ ಹಂತವೊಂದರ ಸಾಮರ್ಥ್ಯವೇ ದಿನಕ್ಕೆ 775 ದಶಲಕ್ಷ ಲೀಟರ್. ಈ ಯೋಜನೆ ಇರದಿದ್ದರೆ ಇಂದಿನ ಬೆಂಗಳೂರೂ ಇರುತ್ತಿರಲಿಲ್ಲ. ಆದರೆ ನಗರದ ದಾಹವು ದೂರದ ನದಿಗೆ ಕಟ್ಟಿಬಿದ್ದ ಕ್ಷಣದಿಂದ ಹತ್ತಿರದ ನದಿ ಅನಗತ್ಯವಾಯಿತು. ಅರ್ಕಾವತಿಗೆ ಒಳಹರಿವು ಕಡಿಮೆಯಾಗುತ್ತಿದ್ದುದು ಇದೇ ಎಪ್ಪತ್ತರ ದಶಕದಿಂದ. ಕಾವೇರಿಯ ನೀರು ಆ ಎಚ್ಚರಿಕೆಯ ಸದ್ದನ್ನು ಅಡಗಿಸಿತು. ಹೆಸರಘಟ್ಟದ ಕೆರೆ ದಶಕಗಳ ಕಾಲ ಹುಲ್ಲುಗಾವಲಾಯಿತು; ತಿಪ್ಪಗೊಂಡನಹಳ್ಳಿಯಿಂದ ನಗರಕ್ಕೆ ನೀರೆತ್ತುವುದೂ ಕಾಲಕ್ರಮದಲ್ಲಿ ನಿಂತಿತು. 2022ರ ಅಸಾಮಾನ್ಯ ಮಳೆಗೆ ಹೆಸರಘಟ್ಟ ಮತ್ತೆ ತುಂಬಿದಾಗ ಅದನ್ನು ನೋಡಲು ಜನ ಜಾತ್ರೆಯಂತೆ ನೆರೆದರು.

ನದಿ ಬತ್ತಿದ್ದು ಮಳೆ ಕಡಿಮೆಯಾದುದರಿಂದಲೇ? ಬೆಂಗಳೂರಿನ ‘ಏಟ್ರೀ’ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಪ್ರಶ್ನೆಯನ್ನೇ ಎತ್ತಿಕೊಂಡಿತು. ಮಳೆ ಮತ್ತು ತಾಪಮಾನದ ಬದಲಾವಣೆಗಳಿಂದ ಇಷ್ಟು ದೊಡ್ಡ ಕುಸಿತವನ್ನು ವಿವರಿಸಲಾಗದು. ಅಂತರ್ಜಲದ ಅತಿಬಳಕೆ, ನೀಲಗಿರಿ ತೋಪುಗಳ ವಿಸ್ತರಣೆ, ಅವುಗಳಿಗಿಂತ ಕಡಿಮೆ ಮಟ್ಟದಲ್ಲಿ ಹಳ್ಳಗಳಿಗೆ ಒಡ್ಡಿದ ಅಡ್ಡಿಗಳು ಇದಕ್ಕೆ ಹೆಚ್ಚು ಸಂಭಾವ್ಯ ಕಾರಣಗಳು ಎಂಬುದು ಅದರ ಸಾರ. ಈ ಕಾರಣಗಳು ಕೆಲಸ ಮಾಡುವ ಬಗೆಯನ್ನು ತುಸು ಬಿಡಿಸಿ ನೋಡೋಣ.

ಅರ್ಕಾವತಿಯ ಸೀಮೆ ಗಟ್ಟಿಶಿಲೆಯ ಸೀಮೆ. ಮೇಲ್ಭಾಗದ ಶಿಥಿಲ ಪದರವು ಸ್ಪಂಜಿನಂತೆ ಮಳೆನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದರ ಕೆಳಗೆ ಬಿರುಕುಗಳಲ್ಲಿ ಮಾತ್ರ ನೀರಿರುತ್ತದೆ. ಹಿಂದೆ ಈ ಮೇಲ್ಪದರ ತುಂಬಿರುತ್ತಿತ್ತು, ತುಂಬಿದ ನೀರು ಹಳ್ಳದ ಪಾತ್ರಕ್ಕೆ ಮೆಲ್ಲನೆ ಒಸರುತ್ತಿತ್ತು. ಮಳೆ ನಿಂತು ತಿಂಗಳುಗಳಾದರೂ ನದಿಯು ಹರಿಯುತ್ತಿದ್ದುದು ಈ ಒಸರಿನಿಂದ. ತೆರೆದ ಬಾವಿ ಮತ್ತು ಕಪಿಲೆಯಿಂದ ಎತ್ತುತ್ತಿದ್ದ ಕಾಲದಲ್ಲಿ ಎತ್ತಿನ ಶಕ್ತಿಯೇ ಮಿತಿಯಾಗಿತ್ತು. ಗ್ರಾಮೀಣ ವಿದ್ಯುದೀಕರಣ, ಕೊಳವೆಬಾವಿಗೆ ಸಾಲ, ಬಳಿಕ ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ಉಚಿತ ವಿದ್ಯುತ್ ಎಂಬ ನೀತಿಗಳು ಆ ಮಿತಿಯನ್ನು ತೆಗೆದುಹಾಕಿದವು. ಮೇಲ್ಪದರ ಬರಿದಾಯಿತು, ಬಾವಿಗಳು ಸಾವಿರ ಅಡಿಗೂ ಇಳಿದವು. ಅಂತರ್ಜಲವು ನದೀಪಾತ್ರಕ್ಕಿಂತ ಬಹಳ ಕೆಳಗೆ ಹೋದ ಮೇಲೆ ಒಸರು ದಿಕ್ಕು ಬದಲಿಸುತ್ತದೆ: ನೆಲವು ನದಿಗೆ ನೀರು ಕೊಡುವುದಿಲ್ಲ, ನದಿಯ ನೀರನ್ನೇ ಹೀರಿಕೊಳ್ಳುತ್ತದೆ. ಆದ್ದರಿಂದಲೇ ಒಳ್ಳೆಯ ಮಳೆ ಬಂದ ವರ್ಷವೂ ಹಳ್ಳದಲ್ಲಿ ನೀರು ಕಾಣದು.

ಉಚಿತ ವಿದ್ಯುತ್ತು ಬಡ ರೈತನ ಹೆಸರಿನಲ್ಲಿ ಬಂದ ಸೌಲಭ್ಯ. ಆದರೆ ಬಾವಿಯನ್ನು ಮತ್ತೆ ಮತ್ತೆ ಆಳಗೊಳಿಸಲು ಬಂಡವಾಳ ಬೇಕು. ಅದು ಇದ್ದವನ ಬಾವಿ ನೆರೆಯವನ ಬಾವಿಯನ್ನು ಬತ್ತಿಸುತ್ತದೆ. ಹಾಗೆ ನೀರು ಕಳೆದುಕೊಂಡವನು ಬೇಸಾಯದ ಖರ್ಚೂ ಆಳಿನ ಕೂಲಿಯೂ ಬೇಡದ ನೀಲಗಿರಿಯನ್ನು ಹೊಲಕ್ಕೆ ಹಾಕುತ್ತಾನೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನ ಸಾಮಾಜಿಕ ಅರಣ್ಯ ಯೋಜನೆಯು ಸಸಿಗಳನ್ನು ಹಂಚಿ ಇದನ್ನು ಪ್ರೋತ್ಸಾಹಿಸಿತು. ಹಳ್ಳಿಯ ಸೌದೆಯ ಕೊರತೆಯನ್ನು ನೀಗುವುದು ಅದರ ಘೋಷಿತ ಆಶಯ. ಆಳಕ್ಕೆ ಬೇರಿಳಿಸುವ ಆ ಮರ ರಾಗಿಯ ಹೊಲಕ್ಕಿಂತ ಹೆಚ್ಚು ತೇವವನ್ನು ವರ್ಷವಿಡೀ ಎಳೆಯುತ್ತದೆ. ಕೆಳಗೆ ಇಳಿಯಬೇಕಾದ ನೀರು ಬೇರಿನಲ್ಲೇ ನಿಲ್ಲುತ್ತದೆ. ಒಂದು ನೀತಿಯ ಗಾಯಕ್ಕೆ ಇನ್ನೊಂದು ನೀತಿ ಹಚ್ಚಿದ ಮದ್ದು ಗಾಯವನ್ನು ಹೆಚ್ಚಿಸಿತು. 2017ರಲ್ಲಿ ರಾಜ್ಯ ಸರ್ಕಾರವು ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಇದೆಲ್ಲದರ ಕೆಳಗೆ ಕಾನೂನಿನ ಒಂದು ಬಿರುಕಿದೆ. ನಮ್ಮ ಕಾನೂನಿನ ದೃಷ್ಟಿಯಲ್ಲಿ ಹೊಳೆಯ ನೀರು ಸರ್ಕಾರದ ಅಧೀನದ್ದು. ನೆಲದಡಿಯ ನೀರು, 1882ರ ಅನುಭೋಗ ಹಕ್ಕುಗಳ ಕಾಯಿದೆಯ ಕಾಲದಿಂದ, ನೆಲದ ಒಡೆಯನ ಹಕ್ಕಿನೊಂದಿಗೆ ಅಂಟಿಕೊಂಡದ್ದು. ಪ್ರಕೃತಿಯಲ್ಲಿ ಒಂದಾಗಿರುವ ನೀರನ್ನು ಕಾನೂನು ಎರಡಾಗಿ ಸೀಳಿತು. ಅಂತರ್ಜಲ ನಿಯಂತ್ರಣಕ್ಕೆ ರಾಜ್ಯದ ಕಾಯಿದೆ ಬಂದದ್ದು 2011ರಲ್ಲಿ. ಅಷ್ಟು ಹೊತ್ತಿಗೆ ಮೇಲ್ಪದರ ಬರಿದಾಗಿತ್ತು.

ಮೇಲೆ ಬರಡು, ಕೆಳಗೆ ಕೊಳಚೆ

ಅರ್ಕಾವತಿಗೆ ಎರಡು ಮುಖಗಳಿವೆ. ತಿಪ್ಪಗೊಂಡನಹಳ್ಳಿಯ ಮೇಲೆ ಅದು ಬಹುಪಾಲು ಒಣ ಹಳ್ಳ. ವೃಷಭಾವತಿ ಕೂಡಿದ ಮೇಲೆ ವರ್ಷವಿಡೀ ಹರಿಯುವ ಹೊಳೆ. ಆದರೆ ಹರಿಯುವುದೇನು? ಕಾವೇರಿಯಿಂದ ನೂರು ಕಿಲೋಮೀಟರ್ ಎತ್ತಿ ತಂದ ನೀರು ಅಡುಗೆಮನೆ, ಬಚ್ಚಲು, ಕಾರ್ಖಾನೆಗಳಲ್ಲಿ ಬಳಕೆಯಾಗಿ, ಅರ್ಧಂಬರ್ಧ ಶುದ್ಧವಾಗಿ, ಪೀಣ್ಯದ ಕೈಗಾರಿಕೆಗಳ ಶೇಷವನ್ನೂ ಹೊತ್ತು, ಬೈರಮಂಗಲ ಕೆರೆಯ ಮೂಲಕ ಅರ್ಕಾವತಿಗೆ, ಅಲ್ಲಿಂದ ಸಂಗಮಕ್ಕೆ ಹೋಗುತ್ತದೆ. ಬೆಂಗಳೂರು ಕಾವೇರಿಯನ್ನು ಮೇಲ್ಗಡೆ ಶಿವನಸಮುದ್ರದ ಬಳಿ ಎತ್ತಿಕೊಂಡು ಕೆಳಗಡೆ ಸಂಗಮದಲ್ಲಿ ಹಿಂತಿರುಗಿಸುತ್ತದೆ. ಆದ್ದರಿಂದ ತಾನು ಕೊಳೆ ಮಾಡಿದ ನೀರನ್ನು ನಗರವು ಎಂದಿಗೂ ತಾನು ಕುಡಿಯುವುದಿಲ್ಲ. ಅದನ್ನು ಕಾಣುವವರು ಬೈರಮಂಗಲದ ರೈತರು, ಕನಕಪುರದ ಸೀಮೆಯವರು, ನಮ್ಮ ಹಳೆಯ ಕ್ರೈಸ್ತ ಗ್ರಾಮವಾದ ಹಾರೋಬೆಲೆಯ ಬಳಿಯ ಅರ್ಕಾವತಿ ಜಲಾಶಯವನ್ನು ಅವಲಂಬಿಸಿದವರು, ಆಚೆಗೆ ತಮಿಳುನಾಡಿನವರು.

ಜಲಮಾಲಿನ್ಯ ತಡೆ ಕಾಯಿದೆ 1974ರದು. ಕಾವೇರಿಯ ಮೊದಲ ಹಂತವೂ 1974ರದೇ. ನೀರು ತರುವ ಕೊಳವೆಯು ಹಂತಹಂತವಾಗಿ ದಪ್ಪವಾಯಿತು. ಕೊಳೆಯನ್ನು ಶುದ್ಧಗೊಳಿಸುವ ವ್ಯವಸ್ಥೆ ಸದಾ ಹಿಂದೆ ಉಳಿಯಿತು. ನದಿಯ ಮೇಲ್ಭಾಗವೂ ಇದರಿಂದ ಹೊರತಲ್ಲ. ದೊಡ್ಡಬಳ್ಳಾಪುರ ನಗರದ ಒಳಚರಂಡಿ ಮತ್ತು ಕೈಗಾರಿಕಾ ಪ್ರದೇಶದ ತ್ಯಾಜ್ಯವು ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳನ್ನು ಕೆಡಿಸಿದೆ ಎಂದು ಅಲ್ಲಿನ ಗ್ರಾಮಸ್ಥರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಉಳಿದಿರುವ ಅಲ್ಪ ಹರಿವು ಹೀಗೆ ಮೊದಲ ಕೆರೆಗಳಲ್ಲೇ ಮಲಿನವಾಗುತ್ತದೆ.

2003ರ ಅಧಿಸೂಚನೆಯು ತಿಪ್ಪಗೊಂಡನಹಳ್ಳಿಯ ಜಲಾನಯನ ಪ್ರದೇಶವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿ, ಜಲಾಶಯದ ಸುತ್ತ ಮತ್ತು ನದಿಯ ಎರಡೂ ದಂಡೆಗಳಲ್ಲಿ ಕಟ್ಟಡ, ಕೈಗಾರಿಕೆಗಳನ್ನು ನಿರ್ಬಂಧಿಸಿತು. ಒಂದು ನದಿಯ ಸಂಪೂರ್ಣ ಸೀಮೆಯನ್ನು ಒಂದೇ ಘಟಕವಾಗಿ ಕಂಡ ಆದೇಶವೆಂಬುದೇ ಅದರ ಹಿರಿಮೆ. ಅದರ ಕೊರತೆ ಬೇರೆಡೆ ಇತ್ತು: ಗಮನವೆಲ್ಲ ನೆಲದ ಮೇಲೆ ಕಟ್ಟುವುದರ ಮೇಲೆ, ನೆಲದಡಿಯಿಂದ ಎತ್ತುವುದರ ಮೇಲೆ ಅಲ್ಲ. ಜಮೀನಿನ ಬೆಲೆ ಏರಿದಂತೆ ನಿರ್ಬಂಧ ಸಡಿಲಿಸುವ ಒತ್ತಡವೂ ಏರಿತು. 2019ರಲ್ಲಿ ಸರ್ಕಾರವು ಮೀಸಲು ವಲಯಗಳನ್ನು ಕಿರಿದುಗೊಳಿಸುವ ಆದೇಶ ಹೊರಡಿಸಿತು. ನೀತಿಗಳು ಸರ್ಕಾರ ಬದಲಾದಂತೆ ಬದಲಾಗಬಾರದು, ಪರಿಸರದ ವಿಷಯದಲ್ಲಿ ಸಾತತ್ಯವೇ ಮುಖ್ಯ ಎಂದು ‘ಲೌದಾತೊ ಸೀ’ 181ನೆಯ ಪರಿಚ್ಛೇದ ಹೇಳುವುದು ಇಂಥ ಸಂದರ್ಭವನ್ನೇ.

ಇತ್ತೀಚಿನ ಪರಿಹಾರವೂ ದೂರದಿಂದಲೇ ಬರುತ್ತಿದೆ. ಪಶ್ಚಿಮಘಟ್ಟದ ನೇತ್ರಾವತಿಯ ಉಪನದಿಗಳಿಂದ 24 ಟಿಎಂಸಿ ನೀರನ್ನು ಪೂರ್ವದ ಬರಪೀಡಿತ ಜಿಲ್ಲೆಗಳಿಗೆ ತರುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಆರಂಭವಾಯಿತು. ಹೆಸರಘಟ್ಟ, ತಿಪ್ಪಗೊಂಡನಹಳ್ಳಿಗಳನ್ನು ತುಂಬಿಸುವುದೂ ಅದರ ಗುರಿಗಳಲ್ಲೊಂದು. ಒಣಗಿಸಿದ ನದಿಯ ಪಾತ್ರೆಗೆ ಇನ್ನೊಂದು ನದಿಯನ್ನು ಸುರಿಯುವುದು ಇದರ ಅರ್ಥ. ಕರಾವಳಿಯ ವಿಶ್ವಾಸಿಗಳೂ ಸೇರಿದಂತೆ ಅಲ್ಲಿನ ಜನರ ಆತಂಕವನ್ನು ನಾವು ಪ್ರಾಂತೀಯ ಹಟವೆಂದು ತಳ್ಳಿಹಾಕಲಾಗದು. ಚಿಕ್ಕಬಳ್ಳಾಪುರ, ಕೋಲಾರದವರ ದಾಹವನ್ನೂ ಕಡೆಗಣಿಸಲಾಗದು.

ಸರ್ವಹಿತದ ವರ್ತುಲ ಎಷ್ಟು ದೊಡ್ಡದು?

ಈಗ ದೈವಶಾಸ್ತ್ರದ ಪ್ರಶ್ನೆಗೆ ಬರೋಣ. ಮೇಲಿನ ಚರಿತ್ರೆಯಲ್ಲಿ ಖಳನಾಯಕನನ್ನು ಹುಡುಕಿದರೆ ಸುಲಭವಾಗಿ ಸಿಗುವುದಿಲ್ಲ. ಬರಪೀಡಿತ ನಗರಕ್ಕೆ ನೀರು, ಹಳ್ಳಿಗೆ ವಿದ್ಯುತ್ತು, ರೈತನಿಗೆ ಬಾವಿ, ಒಲೆಗೆ ಸೌದೆ, ಯುವಕರಿಗೆ ಉದ್ಯೋಗ: ಪ್ರತಿಯೊಂದು ನೀತಿಯೂ ಒಂದು ನಿಜವಾದ ಒಳಿತನ್ನು ಉದ್ದೇಶಿಸಿತ್ತು. ಒಳಿತುಗಳ ಮೊತ್ತ ಒಂದು ನದಿಯ ಸಾವು ಹೇಗಾಯಿತು?

ಸಂತ ತೋಮಸ್ ಅಕ್ವಿನಾಸರ ಪ್ರಕಾರ ಕಾನೂನೆಂದರೆ ಸಮುದಾಯದ ಹೊಣೆ ಹೊತ್ತವನು ಸರ್ವಹಿತಕ್ಕಾಗಿ ಪ್ರಕಟಿಸಿದ ವಿವೇಕದ ಕಟ್ಟಳೆ. ಈ ವ್ಯಾಖ್ಯೆಯನ್ನು ನಮ್ಮ ವಿದ್ಯಾರ್ಥಿಗಳು ಬಾಯಿಪಾಠವಾಗಿ ಬಲ್ಲರು. ಆದರೆ ಯಾವ ಸಮುದಾಯದ ಹಿತ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಕೇಳುವುದಿಲ್ಲ. ಜಲಮಂಡಳಿಗೆ ಸಮುದಾಯವೆಂದರೆ ನಲ್ಲಿಯ ಸಂಪರ್ಕವುಳ್ಳವರು. ಇಂಧನ ಇಲಾಖೆಗೆ ಪಂಪು ಉಳ್ಳವರು. ಅಭಿವೃದ್ಧಿ ಪ್ರಾಧಿಕಾರಕ್ಕೆ ನಿವೇಶನದ ಅರ್ಜಿದಾರರು. ಪ್ರತಿಯೊಂದು ಕಚೇರಿಯೂ ತನ್ನ ವರ್ತುಲದೊಳಗೆ ಸರ್ವಹಿತವನ್ನೇ ಸಾಧಿಸಿತು. ನದಿಯ ಸೀಮೆಯಷ್ಟು ದೊಡ್ಡ ವರ್ತುಲವನ್ನು ಯಾರೂ ಎಳೆಯಲಿಲ್ಲ. ‘ಗೌದಿಯುಮ್ ಎತ್ ಸ್ಪೆಸ್’ 26ನೆಯ ಪರಿಚ್ಛೇದವು ಸರ್ವಹಿತವು ಇಡೀ ಮಾನವಕುಲದವರೆಗೆ ಹಬ್ಬುತ್ತದೆ ಎನ್ನುತ್ತದೆ. ‘ಲೌದಾತೊ ಸೀ’ 159ನೆಯದು ಮುಂದಿನ ತಲೆಮಾರುಗಳನ್ನೂ ಅದರೊಳಗೆ ಸೇರಿಸುತ್ತದೆ. ಅರ್ಕಾವತಿಯಂಥ ಸ್ಥಳದಲ್ಲಿ ಈ ಬೋಧನೆಯ ಮೊದಲ ಅರ್ಥ ಇದು: ನೀರಿನ ವಿಷಯದಲ್ಲಿ ಸಮುದಾಯದ ಎಲ್ಲೆಯನ್ನು ವಾರ್ಡೂ ಜಿಲ್ಲೆಯೂ ನಿರ್ಧರಿಸಬಾರದು, ಮಳೆಹನಿ ಹರಿಯುವ ದಿಕ್ಕು ನಿರ್ಧರಿಸಬೇಕು.

ಪ್ರವಾದಿ ಯೆಜೆಕಿಯೇಲನ 34ನೆಯ ಅಧ್ಯಾಯವನ್ನು ನಾವು ಕುರುಬರ, ಅಂದರೆ ಯಾಜಕರ, ಆತ್ಮಶೋಧನೆಗಾಗಿ ಓದುತ್ತೇವೆ. ಆದರೆ ಅದರ ನಡುವೆ ದೇವರು ಕುರುಬರನ್ನು ಬಿಟ್ಟು ಕುರಿಗಳೊಡನೆ ವ್ಯಾಜ್ಯ ಹೂಡುತ್ತಾರೆ. ಕೊಬ್ಬಿದ ಕುರಿಗಳು ತಿಳಿನೀರನ್ನು ಕುಡಿದದ್ದು ಸಾಲದೆಂದು ಉಳಿದುದನ್ನು ಕಾಲಿನಿಂದ ಕಲಕಿದವು. ಬಡಕಲು ಕುರಿಗಳು ಆ ಕದಡಿದ ನೀರನ್ನೇ ಕುಡಿಯಬೇಕಾಯಿತು. ಕುಡಿದದ್ದನ್ನು ಪ್ರವಾದಿ ಖಂಡಿಸುವುದಿಲ್ಲ. ತನ್ನ ಬಳಿಕ ಕುಡಿಯುವವನೊಬ್ಬ ಇದ್ದಾನೆ ಎಂಬುದನ್ನು ಮರೆತದ್ದೇ ಅಪರಾಧ. ನನ್ನ ನೆರೆಯವನು ಯಾರು ಎಂದು ಧರ್ಮಶಾಸ್ತ್ರಿಯು ಪ್ರಭು ಯೇಸುವನ್ನು ಕೇಳಿದ. ಅರ್ಕಾವತಿಯು ಆ ಪ್ರಶ್ನೆಗೆ ಕೊಡುವ ಉತ್ತರ: ನಿನ್ನ ಕೆಳದಂಡೆಯಲ್ಲಿರುವವನು.

‘ಪಾಪದ ರಚನೆಗಳು’ ಎಂಬ ಪರಿಕಲ್ಪನೆಯನ್ನೂ ಇಲ್ಲಿ ಎಚ್ಚರದಿಂದ ಬಳಸಬೇಕು. 1987ರ ‘ಸೊಲ್ಲಿಚಿತುದೊ ರೇಯಿ ಸೊಚ್ಯಾಲಿಸ್’ ವಿಶ್ವಪತ್ರದಲ್ಲಿ ಸಂತ ದ್ವಿತೀಯ ಜಾನ್ ಪೌಲರು ಲಾಭದ ಲಾಲಸೆ ಮತ್ತು ಅಧಿಕಾರದ ದಾಹಗಳನ್ನು ಅವುಗಳ ಮೂಲವೆಂದು ಗುರುತಿಸಿದರು. ವಲಯಗಳನ್ನು ಕಿರಿದುಗೊಳಿಸುವ ಒತ್ತಡದಲ್ಲಿ ಇವೆರಡನ್ನೂ ಕಾಣಬಹುದು. ಆದರೆ ನದಿಯ ಕತೆಯ ಬಹುಭಾಗ ಬೇರೆ ಬಗೆಯದು. ಅಲಸಿಕೆ, ಭಯ, ಉದಾಸೀನತೆ, ಮೌನಸಮ್ಮತಿಗಳಿಂದ ಕೇಡನ್ನು ತಡೆಯದೆ ಬಿಡುವವರನ್ನೂ ಅದೇ ವಿಶ್ವಗುರುಗಳು 1984ರ ‘ರೆಕನ್ಚಿಲಿಯಾತ್ಸಿಯೊ ಎತ್ ಪೆನಿತೆನ್ಚಿಯಾ’ದಲ್ಲಿ ಸಾಮಾಜಿಕ ಪಾಪದೊಳಗೆ ಎಣಿಸಿದ್ದಾರೆ. ಇದು ಕರ್ತವ್ಯಲೋಪದ ಪಾಪ. ಬಲಿಪೂಜೆಯ ಆರಂಭದಲ್ಲಿ ನಾವು ಅರಿಕೆ ಮಾಡಿಕೊಳ್ಳುವ ನಾಲ್ಕನೆಯದು. ಅದರ ಬಗ್ಗೆ ನಾವು ಪ್ರಸಂಗಿಸುವುದು ತೀರ ಕಡಿಮೆ. ಅಕ್ವಿನಾಸರು ವಿವೇಕವೆಂಬ ಸದ್ಗುಣದ ಅಂಗಗಳಾಗಿ ಸ್ಮರಣೆ, ಮುಂಗಾಣ್ಕೆ, ಸುತ್ತುನೋಟಗಳನ್ನು ಎಣಿಸುತ್ತಾರೆ. 1974ರ ಬಳಿಕ ನಮ್ಮ ನಗರ ಕಳೆದುಕೊಂಡದ್ದು ಈ ಮೂರನ್ನೇ: ಹಳೆಯ ನದಿಯ ಸ್ಮರಣೆ, ಒಸರು ನಿಲ್ಲುವುದರ ಮುಂಗಾಣ್ಕೆ, ಕೆಳದಂಡೆಯ ಕಡೆಗಿನ ಸುತ್ತುನೋಟ.

ಇದಕ್ಕೆ ಆಕ್ಷೇಪವೊಂದು ಬರಬಹುದು. ನಗರಕ್ಕೆ ನೀರು ಬೇಡವೇ, ರೈತನಿಗೆ ವಿದ್ಯುತ್ತು ಬೇಡವೇ? ಖಂಡಿತ ಬೇಕು. ಶುದ್ಧ ಕುಡಿಯುವ ನೀರು ಮನುಷ್ಯನ ಮೂಲಭೂತ ಹಕ್ಕೆಂದು ‘ಲೌದಾತೊ ಸೀ’ 30 ಬೋಧಿಸುತ್ತದೆ. ಆದರೆ ಹಕ್ಕು ಎಲ್ಲರದಾದರೆ ಬಾವಿಯ ಆಳವು ಬಂಡವಾಳದ ಆಳಕ್ಕೆ ತಕ್ಕಂತೆ ಇರಲಾಗದು. ಭೂಮಿಯ ಸಂಪತ್ತು ಎಲ್ಲರಿಗಾಗಿ ಎಂಬ ತತ್ತ್ವವು ನೆಲದ ಒಡೆತನಕ್ಕೆ ಹಾಕುವ ಮಿತಿಯು ನೆಲದಡಿಯ ನೀರಿಗೆ ಇನ್ನೂ ಬಲವಾಗಿ ಅನ್ವಯಿಸುತ್ತದೆ. ಒಂದು ಊರಿನ ಬಾವಿಗಳನ್ನು ಊರವರೇ ಕೂಡಿ ಲೆಕ್ಕವಿಡುವಂತೆ ಮಾಡುವ ನೀತಿ, ನೀಲಗಿರಿಯನ್ನು ಕಿತ್ತವನಿಗೆ ಬದಲಿ ಬೆಳೆಯ ನೆರವು ಕೊಡುವ ನೀತಿ, ಕೊಳಚೆಯನ್ನು ಹುಟ್ಟಿದಲ್ಲೇ ಶುದ್ಧಗೊಳಿಸುವ ನೀತಿ: ಇವು ದಾಹವನ್ನು ನಿರಾಕರಿಸದೆ ವರ್ತುಲವನ್ನು ಹಿಗ್ಗಿಸುತ್ತವೆ. ಹಿಂದಿನ ನೀರುಗಂಟಿಯು ತೂಬನ್ನು ತೆರೆಯುವಾಗ ಮೇಲಿನ ಗದ್ದೆಯನ್ನೂ ಕೊನೆಯ ಗದ್ದೆಯನ್ನೂ ಒಟ್ಟಿಗೆ ನೋಡುತ್ತಿದ್ದ. ಆ ವ್ಯವಸ್ಥೆಯಲ್ಲಿ ಜಾತಿಯ ತಾರತಮ್ಯವಿತ್ತು. ಅದನ್ನು ಹಾಗೆಯೇ ಮರಳಿ ತರಬೇಕಿಲ್ಲ. ಆದರೆ 1931ರ ‘ಕ್ವಾದ್ರಾಜೆಸಿಮೊ ಆನ್ನೊ’ ಕಲಿಸುವ ಪೂರಕತೆಯ ತತ್ತ್ವಕ್ಕೆ ಅದೊಂದು ಸ್ಥಳೀಯ ಪಾಠ: ಕೆರೆಯ ಬಳಿ ಇರುವವರಿಂದ ಕೆರೆಯ ಹೊಣೆಯನ್ನು ಪೂರ್ತಿ ಕಿತ್ತುಕೊಂಡರೆ, ದೂರದ ಕಚೇರಿ ಅದನ್ನು ಹೊರಲಾರದು.

ಗುರುಮಠಕ್ಕೆ ಮತ್ತು ಧರ್ಮಕೇಂದ್ರಕ್ಕೆ

ದಿಣ್ಣೆಯ ಪೂರ್ವ ಮಗ್ಗುಲಿನಲ್ಲಿರುವ ಜಕ್ಕೂರು ಕೆರೆ ಒಂದು ಆಶಾದಾಯಕ ಸಾಕ್ಷಿ. ಅಲ್ಲಿ ದಿನಕ್ಕೆ 10 ದಶಲಕ್ಷ ಲೀಟರ್ ಸಾಮರ್ಥ್ಯದೊಂದಿಗೆ ಆರಂಭವಾದ ಸಂಸ್ಕರಣಾ ಘಟಕದಿಂದ ಹೊರಬಂದ ನೀರು ಜೊಂಡು ಬೆಳೆದ ಜೌಗಿನ ಮೂಲಕ ಹಾದು ಕೆರೆ ಸೇರುತ್ತದೆ. ಸರ್ಕಾರ, ವಿಜ್ಞಾನಿಗಳು, ಕೆರೆಯ ಸುತ್ತಲ ನಿವಾಸಿಗಳು, ಮೀನುಗಾರರು ಜೊತೆಗೂಡಿದ್ದರಿಂದ ಅದು ಉಳಿದಿದೆ. ನೀತಿ ಕೆಡಿಸಬಲ್ಲದಾದರೆ ನೀತಿ ಗುಣಪಡಿಸಲೂ ಬಲ್ಲದು.

ನಮ್ಮ ಪಾಲಿಗೆ ಮೂರು ಕೆಲಸಗಳು ಕಾಣುತ್ತವೆ. ಮೊದಲನೆಯದು ಲೆಕ್ಕ. ಉತ್ತರ ಬೆಂಗಳೂರಿನಲ್ಲಿ ನಮ್ಮ ಶಾಲೆ, ಆಸ್ಪತ್ರೆ, ಕನ್ಯಾಮಠ, ಗುರುಮಠಗಳು ವಿಶಾಲವಾದ ನೆಲವನ್ನೂ ಅನೇಕ ಕೊಳವೆಬಾವಿಗಳನ್ನೂ ಹೊಂದಿವೆ. ಎಷ್ಟು ಎತ್ತುತ್ತೇವೆ, ಎಷ್ಟನ್ನು ಇಂಗಿಸುತ್ತೇವೆ, ನಮ್ಮ ಚರಂಡಿ ಯಾವ ಕಣಿವೆಗೆ ಸೇರುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಪ್ರತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಲಿಖಿತ ಉತ್ತರ ಕೊಡಬೇಕು. ಹಣದ ಲೆಕ್ಕಪರಿಶೋಧನೆ ಇರುವಂತೆ ನೀರಿನದೂ ಇರಲಿ. ಸರ್ಕಾರದ ನೀತಿಯನ್ನು ವಿಮರ್ಶಿಸುವ ನೈತಿಕ ಅಧಿಕಾರ ಅಲ್ಲಿಂದ ಹುಟ್ಟುತ್ತದೆ.

ಎರಡನೆಯದು ಕಲಿಕೆ. ನೈತಿಕ ದೈವಶಾಸ್ತ್ರದ ತರಗತಿಯಲ್ಲಿ ಕಾನೂನು ಮತ್ತು ಸರ್ವಹಿತದ ಪಾಠವನ್ನು ಒಂದು ನಿಜವಾದ ಸರ್ಕಾರಿ ಆದೇಶದೊಡನೆ ಕಲಿಸಬಹುದು. 2003ರ ಅಧಿಸೂಚನೆ ಮತ್ತು ಅದರ ಮುಂದಿನ ಗತಿ ಅದಕ್ಕೆ ಯೋಗ್ಯ ಪಠ್ಯ. ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗಿನ ಸೃಷ್ಟಿಯ ಕಾಲದಲ್ಲಿ ಗುರುವಿದ್ಯಾರ್ಥಿಗಳು ನಂದಿಯ ತಪ್ಪಲಿನಿಂದ ಸಂಗಮದವರೆಗೆ ಕೆರೆಯಿಂದ ಕೆರೆಗೆ ಸಾಗಿ, ನೀರು ಕಳೆದುಕೊಂಡವರ ಮತ್ತು ಕೊಳೆನೀರು ಪಡೆದವರ ಮಾತು ಕೇಳಲಿ. ವಾರಾಂತ್ಯದ ಪಾಲನಾ ಸೇವೆಗೆ ದೊಡ್ಡಬಳ್ಳಾಪುರ, ಕನಕಪುರಗಳ ಕಡೆಗೆ ಹೋಗುವವರು ಗ್ರಾಮಸಭೆಯಲ್ಲಿ ಕೂತು ಕೇಳುವುದನ್ನೂ ಸೇವೆಯೆಂದೇ ಎಣಿಸಲಿ.

ಮೂರನೆಯದು ಆರಾಧನೆ. ದೀಕ್ಷಾಸ್ನಾನಕ್ಕೆ ನಿಜವಾದ ನೀರೇ ಬೇಕೆಂದು ಧರ್ಮಸಭೆಯ ಕಾನೂನು ಸಂಹಿತೆಯ 849ನೆಯ ವಿಧಿ ಹೇಳುತ್ತದೆ. ಅದಕ್ಕೆ ಬದಲಿ ಇಲ್ಲ. ಪಾಸ್ಖ ಜಾಗರಣೆಯ ರಾತ್ರಿ ನೀರನ್ನು ಆಶೀರ್ವದಿಸುವಾಗ ನಾವು ಸೃಷ್ಟಿಯ ಆದಿಯಿಂದ ಜೋರ್ಡಾನಿನವರೆಗಿನ ನೀರಿನ ಚರಿತ್ರೆಯನ್ನು ಸ್ಮರಿಸುತ್ತೇವೆ. ಆ ಜೋರ್ಡಾನಿನ ಕೆಳಹರಿವು ಕೂಡ ಇಂದು ದೇಶಗಳ ನೀತಿಗಳಿಂದ ಬಹುಪಾಲು ತಿರುಗಿಸಲ್ಪಟ್ಟು ಕಿರುತೊರೆಯಾಗಿದೆ. ನಮ್ಮ ಸ್ನಾನತೊಟ್ಟಿಗೆ ಬಂದ ನೀರು ಯಾವ ನದಿಯದು, ಬಳಕೆಯಾದ ಮೇಲೆ ನಗರದ ನೀರು ಯಾರ ಊರಿಗೆ ಹೋಗುತ್ತದೆ ಎಂದು ಆ ರಾತ್ರಿಯ ಪ್ರಸಂಗದಲ್ಲಿ ಎರಡು ವಾಕ್ಯ ಹೇಳುವುದು ಆರಾಧನೆಗೆ ಹೊರತಾದ ಮಾತಲ್ಲ. ದೇವಾಲಯದ ಹೊಸ್ತಿಲಿನಡಿಯಿಂದ ಹೊರಟ ನೀರು ಹೋದೆಡೆಯೆಲ್ಲ ಜೀವ ತಂದುದನ್ನು ಯೆಜೆಕಿಯೇಲ 47ನೆಯ ಅಧ್ಯಾಯದಲ್ಲಿ ಕಂಡ. ನಮ್ಮ ದೇವಾಲಯಗಳ ಹೊಸ್ತಿಲು ದಾಟಿ ಹರಿಯುವ ನೀರು ಹಾರೋಬೆಲೆಗೆ ಹೇಗೆ ತಲುಪುತ್ತದೆ ಎಂಬುದರಿಂದ ಆ ದರ್ಶನದ ಅಧ್ಯಯನವನ್ನು ನಾವು ಆರಂಭಿಸಬಹುದು.